ಜನರಲ್ ಸಾಹೇಬರ ಕಾಗದಗಳೂ ನಮ್ಮ ಮನೆಯ ಕೌದಿಯೂ

ಸೇನಾ ಪತ್ರಾಗಾರದ ಮುಖ್ಯಸ್ಥರಾದ ಮಾನ್ಯರೇ,

ತಮ್ಮ ಕಚೇರಿಯು ನಮ್ಮ ಮನೆಯ ಒಂದು ಕೌದಿಯನ್ನು ರಹಸ್ಯ ದಾಖಲೆಯೆಂದು ಮೂವತ್ತು ವರ್ಷಗಳ ಮಟ್ಟಿಗೆ ಮೊಹರು ಮಾಡಿ ಇಟ್ಟುಕೊಂಡಿದೆ. ಹೌದು, ಕೌದಿಯನ್ನೇ. ಹಳೆಯ ಸೀರೆಗಳನ್ನು ಪದರ ಪದರವಾಗಿ ಕೂಡಿಸಿ ಹೆಂಗಸರು ಕೈಯಲ್ಲಿ ಹೊಲಿಯುವ ಹೊದಿಕೆ. ಇಷ್ಟು ವಿವರಣೆ ಬೇಕಿರಲಿಲ್ಲ. ಆದರೆ ತಾವು ನಮಗೆ ಕಳಿಸಿದ ದಾಖಲೆಗಳ ಪಟ್ಟಿಯಲ್ಲಿ ಅದಕ್ಕೆ ‘ಬಹುಪದರದ ಜವಳಿ ಆವರಣ’ ಎಂಬ ನಾಮಕರಣವಾಗಿರುವುದನ್ನು ಓದಿದ ಮೇಲೆ ಬಿಡಿಸಿ ಹೇಳುವುದೇ ಕ್ಷೇಮ ಅನ್ನಿಸಿತು.

ನನ್ನ ಸೋದರಮಾವ ಕಲ್ಲೋಳಿಯಲ್ಲಿ ಹುಟ್ಟಿ, ಆಯುಷ್ಯವನ್ನೆಲ್ಲ ಸೈನ್ಯಕ್ಕೆ ಕೊಟ್ಟು, ಲೆಫ್ಟಿನೆಂಟ್ ಜನರಲ್ ಆಗಿ ನಿವೃತ್ತರಾದವರು. ಮದುವೆಯಾಗಲಿಲ್ಲ. ಪತ್ರ, ದಿನಚರಿ, ನಕಾಶೆ, ಭಾಷಣಗಳೆಲ್ಲ ಪತ್ರಾಗಾರಕ್ಕೆ ಸೇರಲಿ ಎಂದು ಬರೆದಿಟ್ಟು, ಹೋದ ವರ್ಷ ಗೋಕಾಕದ ಮನೆಯಲ್ಲಿ ತೀರಿಕೊಂಡರು. ತಮ್ಮ ಗಾಡಿ ಬಂದ ದಿನ ಮಳೆ ಹಿಡಿದಿತ್ತು. ಮಾವನ ತಂಗಿ, ಅಂದರೆ ನನ್ನ ಅವ್ವ ಲಕ್ಕವ್ವ, ಅಣ್ಣನ ಕಾಗದ ತೊಯ್ದಾವೆಂದು ಕಪಾಟಿನಲ್ಲಿದ್ದ ಕೌದಿ ತೆಗೆದು ಗಂಟು ಕಟ್ಟಿ ಕೊಟ್ಟಳು. ತಮ್ಮ ಸಿಬ್ಬಂದಿಗೆ ಚಹಾ, ಕರದಂಟನ್ನೂ ಕೊಟ್ಟಳು.

ತಪ್ಪಾದದ್ದು ಇಲ್ಲಿಯೇ. ನಮ್ಮ ಕಡೆ ಬಾಜೂ ಮನೆಗೆ ಡಬ್ಬಿಯಲ್ಲಿ ಪಲ್ಯ ಕಳಿಸಿದರೆ ಡಬ್ಬಿ ತಿರುಗಿ ಬರುತ್ತದೆ. ಅದೂ ಖಾಲಿ ಬರುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಇರುತ್ತದೆ. ಕೊಡುವಾಗಲೇ ‘ಡಬ್ಬಿ ವಾಪಸ್ ಕಳಿಸ್ರಿ’ ಎನ್ನುವುದು ಮರ್ಯಾದೆಗೇಡು. ಅದಕ್ಕೇ ನಾವು ಯಾರೂ ಬಾಯಿ ಬಿಡಲಿಲ್ಲ. ದೇಶದ ಇತಿಹಾಸ ಕಾಯುವವರಿಗೆ ಡಬ್ಬಿ ತಿರುಗಿಸುವ ರೂಢಿ ಇಲ್ಲವೆಂದು ನಮಗೆ ಹೇಗೆ ಗೊತ್ತಾಗಬೇಕು?

ಆ ಕೌದಿಯನ್ನು ಮಾವ ಹುಟ್ಟುವ ಮೊದಲು ಅಜ್ಜಿ ಬಾಳವ್ವ ತನ್ನ ಇಳಕಲ್ ಸೀರೆಗಳಿಂದ ಹೊಲಿದದ್ದು. ನಮ್ಮ ಮನೆಯ ಪ್ರತಿ ಕೂಸನ್ನೂ ತೊಟ್ಟಿಲಿಗೆ ಹಾಕುವ ದಿನ ಮೊದಲು ಅದರ ಮೇಲೆ ಮಲಗಿಸುತ್ತೇವೆ. ಮಾವ ಸೈನ್ಯಕ್ಕೆ ಹೋಗುವಾಗ ಅದನ್ನು ಒಯ್ದರು. ಆಮೇಲೆ ಮನೆಯಲ್ಲಿ ಕೂಸು ಹುಟ್ಟಿದಾಗಲೆಲ್ಲ ಮೂಡಲಗಿ, ಹುಕ್ಕೇರಿ ಕಡೆಯ ಯಾವನೋ ಸಿಪಾಯಿ ರಜೆಯ ಮೇಲೆ ಬರುವಾಗ ಅದನ್ನು ಘಟಪ್ರಭಾ ಸ್ಟೇಶನ್ನಿನಲ್ಲಿ ಇಳಿಸುತ್ತಿದ್ದ, ತಿರುಗಿ ಹೋಗುವಾಗ ಒಯ್ಯುತ್ತಿದ್ದ. ಮಾವನಿಗಿಂತ ಕೌದಿಗೇ ಹೆಚ್ಚು ರಜೆ ಮಂಜೂರಾಗಿದೆ ಎಂದು ಮನೆಯಲ್ಲಿ ನಗುತ್ತಿದ್ದೆವು.

ಈಗ ನನ್ನ ಮಗಳು ಕಾಜಲ್ ಹೆತ್ತಿದ್ದಾಳೆ. ಹೆಣ್ಣು ಕೂಸು. ಬರುವ ಭಾನುವಾರ ಹುಕ್ಕೇರಿಯ ನಮ್ಮ ಮನೆಯಲ್ಲಿ ತೊಟ್ಟಿಲ ಕಾರ್ಯ. ಕೌದಿ ಕೇಳಲು ತಮ್ಮ ಕಚೇರಿಗೆ ಫೋನ್ ಮಾಡಿದೆ. ಬಹಳ ವಿನಯವಂತ ಅಧಿಕಾರಿಯೊಬ್ಬರು ಸಿಕ್ಕರು. ಆವರಣದ ಒಂದು ಮೂಲೆಯೊಳಗೆ ಏನೋ ಗಟ್ಟಿ ವಸ್ತು ಹೊಲಿದಿದ್ದಾರಂತೆ, ಅಡಗಿಸಿಟ್ಟ ಕಾಗದವೂ ಇರಬಹುದಂತೆ, ತಜ್ಞರ ಸಮಿತಿ ಕೂರಬೇಕಂತೆ.

ಮಾನ್ಯರೇ, ಅದು ರೊಟ್ಟಿ. ಒಣಗಿಸಿ ಗರಿಗರಿ ಮಾಡಿದ ಜೋಳದ ಕಟಕ ರೊಟ್ಟಿಯ ಚೂರು. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ನಮ್ಮ ಹೆಂಗಸರು ಅದರೊಳಗೆ ಒಂದು ಚೂರು ರೊಟ್ಟಿ ಇಡುತ್ತಾರೆ, ಕೌದಿಯ ಹೊಟ್ಟೆ ಬರಿದಿರಬಾರದೆಂದು. ಅಂಚು ಸವೆದು ಮತ್ತೆ ಹೊಲಿದಾಗಲೆಲ್ಲ ಅವ್ವ ಹೊಸ ಚೂರು ಇಟ್ಟಿದ್ದಾಳೆ. ಸಮಿತಿ ಅಗತ್ಯವಾಗಿ ಕೂರಲಿ, ಬೇಕಾದರೆ ಜೊತೆಗೆ ಬದನೆಕಾಯಿ ಪಲ್ಯ ಕಳಿಸುತ್ತೇನೆ. ಪಟ್ಟಿಯಲ್ಲಿ ‘ನಕಾಶೆಯನ್ನು ಹೋಲುವ ಕಲೆಗಳು’ ಎಂದೂ ಬರೆದಿದ್ದೀರಿ. ಅವುಗಳಲ್ಲಿ ಗಡಿರೇಖೆ ಹುಡುಕಬೇಡಿ. ಒಂದು ನನ್ನದು, ಒಂದು ಕಾಜಲ್‌ಳದು. ಎಲ್ಲಕ್ಕಿಂತ ಹಳೆಯದು ಮತ್ತು ದೊಡ್ಡದು ಸ್ವತಃ ಜನರಲ್ ಸಾಹೇಬರದು. ಅವರ ಖಾಸಗಿ ದಾಖಲೆ ಎಂದರೆ ಅದೊಂದೇ ಖರೆ.

ಫೋನಿನ ಸಂಗತಿಯನ್ನೆಲ್ಲ ಅವ್ವನಿಗೆ ಹೇಳಿ ನಾನು ನಕ್ಕೆ. ಅವ್ವ ನಗಲಿಲ್ಲ.

“ನಾ ಕಾಗದಾ ಕೊಟ್ಟೇನಿ. ಕೌದಿ ಹೊಚ್ಚಿ ಕಳಿಸೇನಿ ಅಷ್ಟ. ಹೊಚ್ಚಿದ್ದನ್ನ ಕಸಗೊಂಡ್ರ ಹೆಂಗ?” ಎಂದಳು. ಆಮೇಲೆ, “ಅಣ್ಣಗ ಬರಾಕ ಆಗತಿರಲಿಲ್ಲ. ಕೌದಿ ಬಂತಂದ್ರ ಅಂವನ ಬಂದಂಗ ಆಗತಿತ್ತು” ಎಂದು ಗೋಡೆಯ ಕಡೆ ಹೊರಳಿದಳು. ಎಂಬತ್ತು ದಾಟಿದವಳಿಗೆ ಮೂವತ್ತು ವರ್ಷದ ಲೆಕ್ಕ ತಿಳಿಯುವುದಿಲ್ಲವೇ? ಆಗ ನನಗೆ ಬಂದ ಸಿಟ್ಟನ್ನು ಈ ಪತ್ರದಲ್ಲಿ ಸಾಕಷ್ಟು ತೊಳೆದು, ಒಣಗಿಸಿ, ಮಡಚಿಟ್ಟಿದ್ದೇನೆ.

ಕಾಗದಗಳನ್ನು ಮುನ್ನೂರು ವರ್ಷ ಬೇಕಾದರೂ ಇಟ್ಟುಕೊಳ್ಳಿ. ಕೌದಿಯನ್ನು ಭಾನುವಾರದೊಳಗೆ ಕಳಿಸಿಕೊಡಿ. ಇಲ್ಲವಾದರೆ ನಾವೇ ಬರುತ್ತೇವೆ: ಕೂಸು, ಬಾಣಂತಿ, ಅವ್ವ, ಜೋಗುಳ ಹಾಡುವ ಐದು ಮಂದಿ ಹೆಂಗಸರು. ತಮ್ಮ ವಾಚನಾಲಯದ ನಿಯಮ ಓದಿದ್ದೇನೆ. ಪೆನ್ನು ತರಬಾರದು, ಚೀಲ ತರಬಾರದು ಎಂದಿದೆ, ಕೂಸು ತರಬಾರದೆಂದು ಎಲ್ಲಿಯೂ ಇಲ್ಲ. ತಮ್ಮ ಮೇಜಿನ ಮೇಲೆ, ತಮ್ಮ ಸಮಕ್ಷಮದಲ್ಲಿ ಕೌದಿ ಹಾಸಿ ಮಲಗಿಸುತ್ತೇವೆ. ದಾಖಲೆಗೆ ಹಾನಿಯಾಗದಂತೆ ನೋಡಿಕೊಳ್ಳುವುದಾಗಿ ದೊಡ್ಡವರೆಲ್ಲ ಸಹಿ ಮಾಡುತ್ತೇವೆ, ಕೂಸಿನ ಪರವಾಗಿ ಮಾತ್ರ ನಾನು ಮಾತು ಕೊಡಲಾರೆ.

ಅಣ್ಣ ತೀರಿಕೊಂಡ ಮೇಲೆ ಅವ್ವ ಮೊದಲ ಸಲ ತೊಟ್ಟಿಲು ತೂಗಲಿದ್ದಾಳೆ. ಈ ಸಲವಾದರೂ ಜನರಲ್ ಸಾಹೇಬರಿಗೆ ರಜೆ ಕೊಡಿ.

ಇಂತಿ,
ಮೊಮ್ಮಗಳ ಹಾಸಿಗೆಗಾಗಿ ರಾಷ್ಟ್ರದ ಭದ್ರತೆಗೆ ಅಡ್ಡ ಬಂದಿರುವ ಅಜ್ಜಿ,
ವಿಜಯಲಕ್ಷ್ಮಿ
ಹುಕ್ಕೇರಿ