ಒದ್ದೆ ಮರಳಿನಲ್ಲಿ ಉಳಿದ ಸೀರೆ

ಮಾಳಮಡ್ಡಿ, ಧಾರವಾಡ
೧೪ ಡಿಸೆಂಬರ್ ೨೦೨೫, ರವಿವಾರ

ಪ್ರೀತಿಯ ಅವ್ವಾ,

ನಿನ್ನ ಉದಯನ ನಮಸ್ಕಾರ. ಹೇಗಿದ್ದೀ? ಕೆಮ್ಮು ಕಡಿಮೆಯಾಯಿತೇ? ರಾಯಚೂರಿನಲ್ಲೂ ಈಗ ಮುಂಜಾನೆ ಥಂಡಿ ಬೀಳುತ್ತಿದೆ ಎಂದು ಕರುಣಾ ಹೇಳಿದಳು. ತಲೆಗೆ ಏನಾದರೂ ಸುತ್ತಿಕೊಳ್ಳದೆ ಹೊರಗೆ ಬರಬೇಡ. ಬಿಪಿ ಗುಳಿಗೆ ಮುಗಿದಿರಬೇಕು, ಚೀಟಿ ನಿನ್ನ ಚೀಲದ ಒಳಜೇಬಿನಲ್ಲಿದೆ. ಮಗಳ ಮನೆಯಲ್ಲಿ ಇದ್ದೀ ಎಂದು ಉಪ್ಪಿನಕಾಯಿಗೆ ಕೈ ಹಾಕುತ್ತಿರುತ್ತೀ, ನನಗೆ ಗೊತ್ತು. ಕರುಣಾ ಎಷ್ಟೇ ದೊಡ್ಡ ಟೀಚರಾದರೂ ನಿನ್ನೆದುರು ಬಾಯಿ ಬಿಡುವವಳಲ್ಲ, ಅದಕ್ಕೇ ಇಲ್ಲಿಂದ ನಾನೇ ಬೈಯಬೇಕಾಗಿದೆ.

ಫೋನ್ ಇರುವಾಗ ಪತ್ರ ಯಾಕೆ ಎನ್ನುತ್ತೀ. ನೀನು ಹೋಗಿ ಹನ್ನೆರಡು ದಿನ ಆಯಿತು, ಐದು ಸಲ ಫೋನ್ ಮಾಡಿದೆ. ಐದೂ ಸಲ ನೀನು ‘ಆರಾಮ ಅದೀನಿ, ನಿಂದು ಊಟಾ ಆತೇನು, ಸಂಪದಾ ಹೆಂಗದಾಳ’ ಎಂದು ಕೇಳಿ, ನಾನು ಬಾಯಿ ತೆರೆಯುವುದರೊಳಗೆ ‘ತಗೋ, ಕರುಣಾಗ ಕೊಡ್ತೇನಿ’ ಎಂದೆ. ನೀನು ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಸಿಟ್ಟಿಗೆ ಉತ್ತರ ಕೊಡಬಹುದು, ‘ಊಟಾ ಆತೇನು’ ಎಂಬುದಕ್ಕೆ ಏನು ಕೊಡಲಿ? ಅದಕ್ಕೆ ಕಾಗದ ಹಿಡಿದು ಕೂತಿದ್ದೇನೆ. ಅಕ್ಷರ ದೊಡ್ಡದಾಗಿ, ಬಿಡಿಸಿ ಬಿಡಿಸಿ ಬರೆಯುತ್ತಿದ್ದೇನೆ. ನೀನು ಸಾಕ್ಷರತೆಯ ಕ್ಲಾಸಿನಲ್ಲಿ ಐವತ್ತು ದಾಟಿದ ಮೇಲೆ ಅಕ್ಷರ ಕಲಿತವಳು, ನನ್ನ ಬರಹ ನೋಡಿ ‘ಕಾಲೇಜಿನ್ಯಾಗ ಪಾಠಾ ಹೇಳಾಂವಾ, ಇರಿವಿ ಹರದಾಡಿದಂಗ ಬರೀತಿ’ ಎಂದು ನಕ್ಕವಳು. ಇದನ್ನು ಓದಿಸಲು ಕರುಣಾಳ ಕೈಗೆ ಕೊಡಬೇಡ. ಎರಡು ದಿನ ಹಿಡಿದರೂ ಚಿಂತೆಯಿಲ್ಲ, ನೀನೇ ಓದು.

ಇಲ್ಲಿ ಎಲ್ಲ ಇದ್ದಂತೆಯೇ ಇದೆ. ನಿನ್ನ ಸೊಸೆ ಸಂಪದಾ ದಿನಾ ಸಂಜೆ ಬ್ಯಾಂಕಿನಿಂದ ಬಂದು ನಿನ್ನ ಖೋಲಿಯ ದೀಪ ಹಾಕುತ್ತಾಳೆ. ನನ್ನ ಸಂಗಡ ಅವಳ ಮಾತು ಸ್ವಲ್ಪ ಕಡಿಮೆಯಾಗಿದೆ, ನಿನ್ನ ಪಕ್ಷ ಅವಳದು. ಮೂವತ್ತೆಂಟು ವರ್ಷದ ನನ್ನನ್ನು ಸಾಲಿ ಹುಡುಗನ ಹಾಗೆ ನೋಡುತ್ತಾಳೆ. ನೋಡಲಿ, ಅಷ್ಟು ನನಗೆ ತಕ್ಕುದೇ. ಕ್ಯಾಮೆರಾ ಕಪಾಟಿನಲ್ಲಿದೆ, ಹದಿನೈದು ದಿನದಿಂದ ಮುಟ್ಟಿಲ್ಲ.

ಅವ್ವಾ, ಆ ಪ್ರವಾಸದಿಂದಲೇ ಶುರು ಮಾಡುತ್ತೇನೆ. ದೀಪಾವಳಿ ರಜೆಯಲ್ಲಿ ನಮ್ಮ ಛಾಯಾಗ್ರಾಹಕರ ಬಳಗದಿಂದ ಕರಾವಳಿಯ ಕೋಟೆ, ಕಡಲದಂಡೆಗಳ ಫೋಟೋ ತೆಗೆಯಲು ಹೊರಟಾಗ, ಸಂಪದಾ ತವರಿಗೆ ಹೋಗಿದ್ದಳು. ಒಬ್ಬಳೇ ಯಾಕಿರುತ್ತೀ, ನೀನೂ ಬಾ ಎಂದೆ. ಅರವತ್ತೆಂಟು ವರ್ಷ ಸಮುದ್ರ ನೋಡದವಳು ನೀನು. ಮುಂಜಾನೆ ಐದಕ್ಕೆ ನಮ್ಮ ಬಳಗದ ಹುಬ್ಬಳ್ಳಿಯ ನವಾಜ ಗಾಡಿ ತಂದು ನಿಲ್ಲಿಸುವುದರೊಳಗೆ ನೀನು ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಕಟ್ಟಿಕೊಂಡು, ಆ ಕೆಂಪು ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ಕೂತಿದ್ದೆ. ಮದುವೆಗೆ ಹೊರಟೀರೇನ್ರಿ ಎಂದು ನವಾಜ ಕಾಡಿದ್ದಕ್ಕೆ ‘ಸಮುದ್ರಾನೂ ದೊಡ್ಡ ಮನಶ್ಯಾನ ಅಲ್ಲೇನೋ ತಮ್ಮಾ, ಅದರ ಮುಂದ ಹರಕ ಸೀರಿ ಉಟ್ಕೊಂಡು ಹೋಗ್ಲೇನು’ ಎಂದಿದ್ದೆ. ಅರಬೈಲ ಘಟ್ಟ ಇಳಿಯುವಾಗ ಕಿವಿ ಗುಂಯ್ ಎಂದದ್ದಕ್ಕೆ ನೀನು ಗಾಬರಿಯಾದದ್ದು, ನಮ್ಮ ಬಳಗದ ಅಧ್ಯಕ್ಷರು ಶಿವಯೋಗೀಶ ಸರ್ ನಿನಗೆ ಶುಂಠಿ ಪೆಪ್ಪರಮಿಂಟ್ ಕೊಟ್ಟದ್ದು, ಎಲ್ಲ ನೆನಪಿದೆ. ಮಿರ್ಜಾನ ಕೋಟೆಯಲ್ಲಿ ನಾವು ಮೂವರೂ ಕೆಂಪುಕಲ್ಲಿನ ಗೋಡೆಗೆ ಹತ್ತಿದ ಹಸಿರು ಪಾಚಿ, ಅದರ ಮೇಲಿನ ಬಿಸಿಲು ಎಂದು ಮೊಣಕಾಲೂರಿ ಒದ್ದಾಡುತ್ತಿದ್ದರೆ, ನೀನು ಬುರುಜಿನ ಮೇಲೆ ನಿಂತು ಸುತ್ತ ಕಣ್ಣಾಡಿಸಿ ‘ಇಷ್ಟೆಲ್ಲಾ ಯಾರು ಗುಡಸ್ತಾರಪಾ’ ಎಂದೆ. ಕೋಟೆ ಕಟ್ಟಿದವರು ಯಾರೆಂದು ಕೇಳಿದವರನ್ನು ನಾನು ಬಹಳ ಮಂದಿ ನೋಡಿದ್ದೇನೆ, ಗುಡಿಸುವವರು ಯಾರೆಂದು ಕೇಳಿದವಳು ನೀನೊಬ್ಬಳೇ. ಆಗ ನಾನು ನಕ್ಕೆ. ಆ ನಗುವಿನಲ್ಲಿ ಸ್ವಲ್ಪ ಮುಜುಗರವೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ.

ಸಂಜೆ ಕುಮಟಾದ ಹತ್ತಿರದ ಆ ದಂಡೆ. ಇಳಿತದ ಹೊತ್ತು, ನೀರು ಹಿಂದೆ ಸರಿದು ಮರಳು ಕನ್ನಡಿಯಾಗಿತ್ತು. ಮುಗಿಲೆಲ್ಲ ಅದರೊಳಗೆ ಇಳಿದಿತ್ತು. ಆ ಹೊಳಪು ಹತ್ತು ನಿಮಿಷವೂ ಇರುವುದಿಲ್ಲ ಅವ್ವಾ, ಅದಕ್ಕಾಗಿ ವರ್ಷಗಟ್ಟಲೆ ಕಾಯುತ್ತೇವೆ. ನಾನು ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿ, ಕಪ್ಪು ಬಂಡೆ, ದೂರದ ಗುಡ್ಡ, ನೀರಿನ ಗೆರೆ ಎಲ್ಲ ಹೊಂದಿಸಿ ನೋಡಿದರೆ, ಚೌಕಟ್ಟಿನ ನಡುವೆ ನೀನು. ಸೀರೆ ಎತ್ತಿ ಸಿಗಿಸಿಕೊಂಡು, ಬಗ್ಗಿ, ದಂಡೆಗೆ ಬಂದು ಬಿದ್ದ ಪ್ಲಾಸ್ಟಿಕ್ ಬಾಟಲಿ, ಹರಿದ ಚಪ್ಪಲಿ ಹೆಕ್ಕಿ ರೊಟ್ಟಿಯ ಚೀಲಕ್ಕೆ ತುಂಬುತ್ತಿದ್ದೆ. ಮೂವತ್ತು ವರ್ಷ ಕಾಲೇಜಿನ ಕಸ ಗುಡಿಸಿ ನನ್ನನ್ನೂ ಕರುಣಾಳನ್ನೂ ಓದಿಸಿದ ಕೈ ಅದು, ಸಮುದ್ರ ಕಂಡರೂ ಸುಮ್ಮನಿರಲಿಲ್ಲ. ನಾನು ಒತ್ತಿದೆ. ಖರೇ ಹೇಳುತ್ತೇನೆ, ನಾನು ತೆಗೆದದ್ದರಲ್ಲೆಲ್ಲ ಅದೇ ಛಲೋ ಫೋಟೋ. ವಾಪಸ್ಸು ಬರುವಾಗ ಗಾಡಿಯಲ್ಲಿ ನಿನಗೆ ತೋರಿಸಿದೆ. ನೀನು ಕ್ಯಾಮೆರಾವನ್ನು ಕಣ್ಣಿನ ಹತ್ತಿರ ಹಿಡಿದು ಯಲ್ಲಾಪುರ ಬರುವವರೆಗೂ ನೋಡುತ್ತ ಕೂತೆ. ‘ಸಮುದ್ರದ ಬಾಜೂಕ ನಾನೂ ಅದೀನಲ್ಲೋ’ ಎಂದೆ.

ಮುಂದಿನದನ್ನು ನೀನು ಊಹಿಸಿದ್ದೀ, ಆದರೂ ನನ್ನ ಬಾಯಿಂದ ಕೇಳಬೇಕು. ಬಳಗದ ಪ್ರದರ್ಶನಕ್ಕೆ ಫೋಟೋ ಕಳಿಸುವ ಕಡೆಯ ದಿನ, ಮಧ್ಯಾಹ್ನ ಊಟ ಮಾಡಿ, ನೀನು ಒಳಗೆ ಮಲಗಿದ್ದಾಗ, ಕಂಪ್ಯೂಟರಿನಲ್ಲಿ ಆ ಚಿತ್ರ ತೆರೆದೆ. ಬೇಡವಾದದ್ದನ್ನು ಒರೆಸುವ ಒಂದು ಕುಂಚ ಅದರಲ್ಲಿದೆ. ಲೈಟಿನ ತಂತಿ, ಹಾರಿ ಬಂದ ಕಾಗದ, ಗೋಡೆಯ ಮೇಲೆ ಯಾರೋ ಕೆತ್ತಿದ ಹೆಸರು, ಇಂಥವನ್ನು ಅದರಿಂದ ತೆಗೆಯುತ್ತೇವೆ. ಸವರಿದರೆ ಸಾಕು, ಸುತ್ತಲಿನ ಮರಳೇ ಬಂದು ಆ ಜಾಗ ತುಂಬಿಕೊಳ್ಳುತ್ತದೆ. ಅದರಿಂದ ನಿನ್ನನ್ನು ಒರೆಸಿದೆ. ಅರ್ಧ ನಿಮಿಷದ ಕೆಲಸ. ಹೊರಗಿನ ಖೋಲಿಯಲ್ಲಿ ನಾನು, ಒಳಗೆ ನಿನ್ನ ಗೊರಕೆ ಕೇಳುತ್ತಿತ್ತು. ಇಷ್ಟು ವರ್ಷ ಕಲಿತ ವಿದ್ಯೆಯಲ್ಲಿ ಒಂದನ್ನು ಮಾತ್ರ ಮರೆತೆ. ಮರಳಿನ ಮೇಲಿದ್ದ ನಿನ್ನನ್ನು ತೆಗೆದೆ, ಒದ್ದೆ ಮರಳಿನೊಳಗೆ ಕಾಣುತ್ತಿದ್ದ ನಿನ್ನ ಸೀರೆಯ ಪ್ರತಿಬಿಂಬವನ್ನು ತೆಗೆಯಲಿಲ್ಲ. ಆ ಕೆಂಪು, ಮುಳುಗುವ ಸೂರ್ಯನದು ಎಂದು ನನ್ನ ಕಣ್ಣು ತಿಳಿದಿತ್ತು. ತೀರ್ಪು ಕೊಟ್ಟವರೂ ಹಾಗೇ ತಿಳಿದರು. ಅಂಥ ಕೆಂಪು ಬೆಳಕು ಸಿಗಬೇಕಾದರೆ ಪುಣ್ಯ ಬೇಕು ಎಂದು ವೇದಿಕೆಯ ಮೇಲೆ ಹೇಳಿ ಮೊದಲ ಬಹುಮಾನ ಕೊಟ್ಟರು, ಹೊಸ ವರ್ಷದ ಕ್ಯಾಲೆಂಡರಿನ ಮುಖಚಿತ್ರಕ್ಕೂ ಅದನ್ನೇ ಆರಿಸಿದರು.

ನೀನು ಪ್ರದರ್ಶನಕ್ಕೆ ಬರುತ್ತೀ ಎಂದು ನಾನು ಎಣಿಸಿರಲಿಲ್ಲ. ನೀನು ಬಂದದ್ದೂ ಒಬ್ಬಳೇ ಅಲ್ಲ, ಲಕಮನಹಳ್ಳಿಯಿಂದ ಮಾಳವ್ವನನ್ನು ಕರೆದುಕೊಂಡು ಸಿಟಿ ಬಸ್ಸಿನಲ್ಲಿ ಬಂದೆ. ಮೂವತ್ತು ವರ್ಷ ನಿನ್ನ ಜೋಡಿ ಕಸಬರಿಗೆ ಹಿಡಿದ ಮಾಳವ್ವ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ನಿನ್ನನ್ನು ಫೋಟೋದಲ್ಲಿ ನೋಡಲೆಂದೇ ಬಂದಿದ್ದಳು. ನೀವಿಬ್ಬರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರುವುದನ್ನು ನಾನು ದೂರದಿಂದಲೇ ನೋಡಿದೆ. ಅಲ್ಲಿ ಯಾರೂ ಚಪ್ಪಲಿ ಬಿಟ್ಟಿರಲಿಲ್ಲ. ನೀನು ಆ ದೊಡ್ಡ ಫೋಟೋದ ಮುಂದೆ ನಿಂತು, ಮೂಲೆಯಿಂದ ಮೂಲೆಗೆ ಹುಡುಕಿದೆ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹುಡುಕಿದೆ. ‘ಎಲ್ಲದೀಯೇ ಶೇವಂತಾ, ನನಗೇನ ಕಾಣವಲ್ದು’ ಎಂದು ಮಾಳವ್ವ. ಕಡೆಗೆ ನಿನ್ನ ಬೆರಳು ಕೆಳಗೆ, ಆ ಕೆಂಪು ಗೆರೆಯ ಮೇಲೆ ಬಂದು ನಿಂತಿತು. ‘ಇಲ್ಲೈತಿ ನೋಡ ನನ್ನ ಸೀರಿ’ ಎಂದೆ. ಆಮೇಲೆ ನನ್ನ ಕಡೆ ತಿರುಗಿ ‘ಸೀರಿ ಐತಿ. ನಾ ಎಲ್ಲೆ ಹೋದ್ನಿ ಉದಯಾ?’ ಎಂದು ಕೇಳಿದೆ. ಸಿಟ್ಟಿನಿಂದಲ್ಲ, ಕಳೆದ ಕೀಲಿಕೈ ಕೇಳುವಂತೆ ಕೇಳಿದೆ. ಹತ್ತಿರ ನಿಂತಿದ್ದ ಇಬ್ಬರು ನಕ್ಕರು. ನಾನು ಬಾಯಿಗೆ ಬಂದದ್ದು ಹೇಳಿದೆ, ಈ ಸ್ಪರ್ಧೆಯ ಫೋಟೋದಲ್ಲಿ ಮನುಷ್ಯರು ಇರಬಾರದೆಂದು ನಿಯಮ ಇದೆ ಎಂದು. ನೀನು ಹೌದೆಂದು ತಲೆಯಾಡಿಸಿದೆ. ಆಡಿಸಿದವಳೇ ಮಾಳವ್ವನಿಗೆ ‘ಮನಶ್ಯಾರು ಇರಬಾರದಂತವ್ವಾ, ರೂಲ್ ಐತಂತ. ಅಂವಾ ಏನ ಮಾಡ್ಯಾನು ಪಾಪ’ ಎಂದು ನನ್ನ ಪರವಾಗಿ ತಿಳಿಸಿ ಹೇಳಿದೆ. ಎರಡು ದಿನ ಬಿಟ್ಟು ಮೊಮ್ಮಗಳನ್ನು ನೋಡಬೇಕು ಎಂದು ರಾಯಚೂರಿನ ಬಸ್ ಹತ್ತಿದೆ.

ಅಂಥ ನಿಯಮ ಯಾವುದೂ ಇರಲಿಲ್ಲ ಅವ್ವಾ. ಆ ಮಾತನ್ನು ನಾನು ನಿಂತ ನಿಲುವಿನಲ್ಲಿ ಹುಟ್ಟಿಸಿದೆ. ಪಕ್ಕದ ಫೋಟೋದಲ್ಲೇ ಬಲೆ ಎಳೆಯುವ ಆರು ಮಂದಿ ಇದ್ದರು, ನೀನು ಅದನ್ನೂ ನೋಡಿರಬೇಕು. ನೋಡಿಯೂ ಮಾಳವ್ವನ ಮುಂದೆ ನನ್ನ ಮಾನ ಕಾಯ್ದೆ. ಅದನ್ನು ನೆನೆಸಿದರೆ ನನಗೆ ನನ್ನ ಮೇಲೆ ಹೇಸಿಕೆ ಬರುತ್ತದೆ. ತರಗತಿಯಲ್ಲಿ ಸಮಾನತೆಯ ಪಾಠ ಮಾಡುವವನು ನಾನು, ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ ಇರುವ ಖೋಲಿಯಲ್ಲೇ ಕೂತು ನಿನ್ನನ್ನು ಒರೆಸಿದವನು.

ಮೊನ್ನೆ ಶುಕ್ರವಾರ ಶಿವಯೋಗೀಶ ಸರ್ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಬಹುಮಾನದ ಫಲಕ ವಾಪಸ್ಸು ಕೊಟ್ಟೆ. ಎಡಿಟಿಂಗ್ ಎಲ್ಲರೂ ಮಾಡುತ್ತಾರೆ, ಇಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಎಂದರು. ಒರೆಸಿದ್ದು ನನ್ನ ತಾಯಿಯನ್ನು ಎಂದ ಮೇಲೆ ಫಲಕ ಒಳಗಿಟ್ಟು ಬಂದರು, ಗಾಡಿಯಲ್ಲಿ ನೀನು ರೊಟ್ಟಿ ಹಂಚಿದ್ದು ಅವರಿಗೂ ಅಲ್ಲವೇ. ಕ್ಯಾಲೆಂಡರಿಗೆ ಈಗ ನವಾಜ ತೆಗೆದ ಮಿರ್ಜಾನ ಕೋಟೆ ಬರುತ್ತದೆ. ನಿನ್ನೆ ಲಕಮನಹಳ್ಳಿಗೂ ಹೋಗಿದ್ದೆ. ಮಾಳವ್ವನ ಎದುರು ಕೂತು, ನಿಯಮ ಎಂದದ್ದು ಸುಳ್ಳು ಎಂದೆ. ಚಹಾದ ಬಸಿ ಮುಂದೆ ಸರಿಸಿ ‘ನಮಗ ಅವತ್ತ ಗೊತ್ತಾತು ತಮ್ಮಾ. ಬಸ್ಸಿನ್ಯಾಗ ನಿಮ್ಮವ್ವ ನನ್ನ ಕೂಡ ಒಂದ ಮಾತಾಡಲಿಲ್ಲ’ ಎಂದಳು. ಇನ್ನೇನೂ ಬೈಯಲಿಲ್ಲ. ಚಹಾ ಕುಡಿಯುವವರೆಗೂ ಬಿಡಲಿಲ್ಲ.

ನೀನು ಬಾ ಎನ್ನಲು ನನಗೆ ಮುಖವಿಲ್ಲ. ಬರದೆ ಇದ್ದುಬಿಡುತ್ತೀಯೋ ಎಂಬ ಹೆದರಿಕೆ ಮಾತ್ರ ಇದೆ. ಮೊದಲಿನ ಫೋಟೋ, ನೀನು ಇರುವುದು, ಹಾಗೇ ಇದೆ. ಅದನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ನಿನ್ನ ಕೈಗೆ ಕೊಟ್ಟು ಕೈ ತೊಳೆದುಕೊಳ್ಳಬಾರದು ಎಂದು ಸಂಪದಾ ಹೇಳಿದ್ದಾಳೆ, ನನಗೂ ಸರಿ ಎನಿಸಿದೆ. ಅದನ್ನು ಏನು ಮಾಡಬೇಕೆಂದು ನೀನು ಹೇಳಿದ ಮೇಲೆಯೇ ಮಾಡುತ್ತೇನೆ. ಒರೆಸು ಎಂದರೂ ಸರಿ. ಕರುಣಾಗೆ ನೆನಪು, ಮೊಮ್ಮಗಳಿಗೆ ಮುದ್ದು ತಿಳಿಸು. ಸಂಪದಾ ನಿನಗೆ ನಮಸ್ಕಾರ ಹೇಳಿದ್ದಾಳೆ. ಮೈ ಕಡೆ ನೋಡಿಕೋ. ಜೈ ಭೀಮ.

ನಿನ್ನ ಮಗ,
ಉದಯಕುಮಾರ

ತಾ.ಕ.: ರಾತ್ರಿ ಲಕೋಟೆ ಅಂಟಿಸಿದ್ದೆ, ಇವತ್ತು ಸೋಮವಾರ ಮತ್ತೆ ಬಿಚ್ಚಿದ್ದೇನೆ. ಇಷ್ಟು ಬರೆದೂ, ನಿನ್ನನ್ನು ಯಾಕೆ ಒರೆಸಿದೆ ಎಂಬುದನ್ನು ಬರೆಯದೆ ತಪ್ಪಿಸಿಕೊಂಡಿದ್ದೇನೆ. ಟಪಾಲು ಹೋಗುವ ಹೊತ್ತಾಯಿತು, ಲಗೂ ಬರೆಯುತ್ತೇನೆ. ಆ ದಿನ ದಂಡೆಯ ಮೇಲೆ ನನ್ನ ಬಾಜೂ ದೊಡ್ಡ ಕ್ಯಾಮೆರಾ ಹಾಕಿಕೊಂಡು ನಿಂತಿದ್ದ ಒಬ್ಬ ಪರವೂರಿನವನು, ನಿನ್ನ ಕಡೆ ಕೈ ತೋರಿಸಿ, ಆ ಕಸದ ಹೆಂಗಸು ಅಡ್ಡ ಬಂದಿದ್ದಾಳೆ, ಅವಳು ಹೋಗಲಿ ಎಂದು ಕಾಯುತ್ತಿದ್ದೀರಾ ಎಂದು ಕೇಳಿದ. ನನ್ನ ತಾಯಿ ಎನ್ನಬೇಕಿತ್ತು. ನಾನು ‘ಹೂಂ’ ಎಂದೆ. ನೀನು ಹತ್ತು ಹೆಜ್ಜೆಯ ಮೇಲೆ ಇದ್ದೆ, ಗಾಳಿ ನಿನ್ನ ಕಡೆಗೇ ಬೀಸುತ್ತಿತ್ತು. ಅದಾದ ಸ್ವಲ್ಪ ಹೊತ್ತಿಗೆ ನೀನು ಚೀಲ ಅಲ್ಲೇ ಇಟ್ಟು, ಕಾಲು ನೋಯುತ್ತವೆ ಎಂದು ಹೇಳಿ ಗಾಡಿಗೆ ಹೋಗಿ ಕೂತೆ. ನಾನು ಗಾಡಿಯಲ್ಲಿ ಫೋಟೋ ತೋರಿಸಿದ್ದೂ, ನಿನಗೆ ಕೇಳಿಸಿತೇನೋ ಎಂಬ ಅಂಜಿಕೆಗೇ. ಅವ್ವಾ, ಅವತ್ತು ಕಾಲೇ ನೋಯುತ್ತಿದ್ದವೇನು?