ಹಸರಾಗಿ ನಿಂತ ಹಕ್ಕರಕಿ

ಸೊಲ್ಲಾಪುರ
ರವಿವಾರ, ೧೮ ನವೆಂಬರ ೧೯೫೬

ತೀರ್ಥರೂಪ ಅಣ್ಣಾ,

ನಿನ್ನ ಕಾಲಿಗೆ ಬಿದ್ದು ಕುಬೇರ ಬರಸಿದ್ದು. ನಾ ಇಲ್ಲಿ ಆರಾಮ ಅದೀನಿ. ಅವ್ವನ ಸೊಂಟನೋವು ಹ್ಯಾಂಗೈತಿ? ಕಳಕವ್ವ ವೈನಿ ಕೆಮ್ಮು ನಿಂತಿತೇನು? ಎಮ್ಮಿ ಹಿಂಡತೈತಿಲ್ಲೋ? ಮತ್ತ ಮನ್ಯಾಗ ಉಳದವರೂ ಆರಾಮ ಇರಬೇಕು. "ಉಳದವರು ಅಂದ್ರ ಯಾರಲೇ?" ಅಂತ ಬರಿಯೂದು ಬಿಟ್ಟು ನನ್ನ ಮಾರಿ ನೋಡಿ ನಗಾಕ ಹತ್ಯಾನ ಮಾಶಾಕ. ಲಕ್ಷ್ಮೇಶ್ವರದಾಂವ, ನನ್ನ ಖೋಲಿ ಜೋಡಿ. ನನಗ ಅಕ್ಷರ ಬರೂದಿಲ್ಲಲ್ಲ, ನಿನ್ನ ಕಾಗದ ಓದಿ ಹೇಳಾಂವ, ನಾ ಹೇಳಿದ್ದು ಬರಿಯಾಂವ ಎರಡೂ ಇವನ.

ನಮ್ಮ ಸೀಮಿ ಮೈಸೂರು ರಾಜ್ಯಕ್ಕ ಸೇರಿದ ದಿನ ನಮ್ಮೂರು ಡೋಣ್ಯಾಗ ಸಕ್ಕರಿ ಹಂಚಿದ್ರಂತ ಬರದಿದ್ದಿ. ನಾ ಇಲ್ಲೇ ಮುಂಬೈ ರಾಜ್ಯದಾಗ ಉಳದೆ. ಗಿರಣಿ ಮುಕಾದಮ ಈಗ ನನ್ನ ಪರದೇಸಿ ಅಂತ ಕರಿಯಾಕ ಹತ್ಯಾನ. ಚ್ಯಾಷ್ಟಿಗೆ ಅಂತಾನ ಖರೆ, ಆದ್ರ ಅದೇ ಗಾಡಿ, ಅದೇ ಹಳಿ ಇದ್ರೂ ಊರು ಯಾಕೋ ದೂರ ಸರದಂಗ ಆಗೈತಿ.

ನಿನ್ನ ಕಾಗದ ಬಂದಾಗಿಂದ ನನಗ ನಿದ್ದಿ ಇಲ್ಲ. ಕಣಗಲ ಬೇಲಿ ಬುಡಕ ಕಸಾ ಹುಟ್ಟೂದಿಲ್ಲ ಅನ್ನೂದನ್ನ ನಾವೆಲ್ಲಾ ನೋಡೇವಿ. ಅದರಿಂದ ಹೊಲದ ಕಸಾ ಸಾಯಸಬಹುದು ಅಂತ ಹೊಳದಿದ್ದು ನಿನಗಷ್ಟ. ಅದರ ಎಲಿ ಕುದಿಸಿ, ಆ ನೀರು ಕಸಬರಿಗೀಲೆ ಜ್ವಾಳದ ಸಾಲಿನ ನಡುವ ಚಿಮಕಿಸಿದಿ, ಕಸಾ ಬಾಡಿ ನೆಲಾ ಹಿಡೀತು. "ಅವ್ವಗ ಬಗ್ಗಾಕ ಆಗೂದಿಲ್ಲ, ಸಣ್ಣಾಕಿನ್ನ ಈಗ ಬಗ್ಗಸಬಾರದು, ಅದಕ್ಕ ಈ ಯುಕ್ತಿ" ಅಂತ ನೀ ಬರದಿದ್ದನ್ನ ಮಾಶಾಕನ ಕಡೆ ಮತ್ತ ಮತ್ತ ಓದಿಸೇನಿ. ಮನ್ಯಾಗ ಹುಣಸೀಕಾಯಿ ಬಚ್ಚಿಡೂ ದಿನ ಬಂದಾವು ಅಂತ ಅವ್ವ ಕೆಳಗ ಬರಸಿದ್ಲಲ್ಲ, ಅದೂ ತಿಳೀತು. ನಾ ಅಪ್ಪ ಆಗಾಂವ ಅನ್ನೂದು ಹಿಂಗ ಗೊತ್ತಾತು ನನಗ.

ಆದ್ರ ನಡುವ ಒಂದು ಮಾತು ಬರದಿ. "ಎಲ್ಲಾ ಕಸಾ ಸತ್ತೈತಿ, ಹಕ್ಕರಕಿ ಒಂದ ಹಸರಾಗಿ ನಿಂತೈತಿ." ಮಾಶಾಕ ಅಲ್ಲೇ ಓದೂದು ನಿಲ್ಲಸಿದ. ಅವರ ಕಾಕಾ ನಬಿಸಾಬರ ಗಬ್ಬದ ಆಡು ಕಣಗಲ ಎಲಿ ತಿಂದು ನಿಂತಲ್ಲೇ ಮರಿ ಕೆಡವಿಕೊಂಡಿತ್ತಂತ. "ಹಕ್ಕರಕಿ ಸಾಯಲಿಲ್ಲ ಅಂದ್ರ ಅದರ ಮ್ಯಾಲ ವಿಷ ಇಲ್ಲ ಅಂತಲ್ಲಲೇ. ನಮ್ಮ ಮಂದಿ ಹೊಲದಾಗ ಆ ತಪ್ಪಲ ಕಿತ್ತು, ಮಣ್ಣು ಝಾಡಿಸಿ, ಹಂಗ ರೊಟ್ಟಿ ಜೋಡಿ ತಿಂತಾರಲ್ಲೋ" ಅಂದ. ನಾವೂ ಹಂಗ ತಿಂದು ಬೆಳದಾವರ. ಬಾವಿ ದೂರ, ತೊಳಿಯಾಕ ನೀರು ಯಾರು ತರತಾರ? ಒಂದು ಮಳಿ ಬಿದ್ದಿದ್ರ ತೊಳದು ಹೋಗಿರತೈತಿ ಅಂತ ಸಮಾಧಾನ ಮಾಡಕೋತೇನಿ, ಆದ್ರ ಹಿಂಗಾರಿ ಮಳಿ ನಿಂತು ಹೋಗೈತಿ ಅಂತ ನೀನ ಬರದಿ. ತಾರ ಕೊಡೋಣಂದ್ರ, ತಾರಿನವ ಬಾಗಲಿಗೆ ಬಂದ್ರ ಸಾಕು, ಓದಸೂಕಿಂತ ಮೊದಲ ಅವ್ವ ನಾ ಸತ್ತೇನಂತ ಎದಿ ಬಡಕೋತಾಳ. ಅದಕ್ಕ ಈ ಕಾಗದ ಠೇಸನ್ನಿಗೆ ಒಯ್ದು ಇವತ್ತಿನ ಗದಗ ಗಾಡಿ ಟಪಾಲಿಗೇ ಹಾಕತೇನಿ. ಆ ಹೊಲದಾಗಿಂದು ಯಾರೂ ಏನೂ ತಿನ್ನಬ್ಯಾಡ್ರಿ. ಎಮ್ಮಿಗೂ ಹಾಕಬ್ಯಾಡ್ರಿ. ಎಲಿ ಕುದಿಸಿದ ಗಡಿಗಿ ಒಡದು ಹುಗದು ಬಿಡು. ಸಿಟ್ಟಾಗಬ್ಯಾಡಣ್ಣಾ, ನಿನ್ನ ಯುಕ್ತಿ ಖೊಟ್ಟಿ ಅನ್ನಾಂವಲ್ಲ ನಾ.

ಅವ್ವನ ಪಾದಕ್ಕೂ ವೈನಿಗೂ ನನ್ನ ಶರಣು ಮುಟ್ಟಸು.

ನಿನ್ನ ತಮ್ಮ
ಕುಬೇರ (ಹೆಬ್ಬಟ್ಟು)

ತಾ.ಕ.: ಮಡಚಿದ ಕಾಗದ ಮತ್ತ ಬಿಚ್ಚಿಸೇನಿ. ಯಾರೂ ತಿನ್ನಬ್ಯಾಡ್ರಿ ಅಂದ್ರ ಯಾರೂ ಕಿವಿಗೆ ಹಾಕೊಳ್ಳೂದಿಲ್ಲ. ನೀ ಪಡಸಾಲ್ಯಾಗ ಕುಂತು ಓದುವಾಗ ಆಕಿ ಅಡಗಿಮನಿ ಬಾಗಲ ಮರಿಗೆ ನಿಂತಿರತಾಳ. ತನ್ನ ಹೆಸರು ಇಲ್ಲದ ಮಾತು ತನಗಲ್ಲ ಅಂತ ಸುಮ್ಮನಾಗತಾಳ. ಬಯಕಿ ಇಲ್ಲದಾಗನ ಹಕ್ಕರಕಿ ಕಂಡ್ರ ಉಡ್ಯಾಗ ತುಂಬಕೋತಿದ್ಲು, ಈಗ ಬಿಡತಾಳೇನು? ಹಿರ್ಯಾರ ಮುಂದ ಹೆಂಡ್ತಿ ಹೆಸರು ಹೇಳಬಾರದು ಅನ್ನೂದು ನನಗ ಗೊತ್ತೈತಿ. ಮಾಶಾಕನೂ ಈಗ ನಗವಲ್ಲ. ಅಣ್ಣಾ, ಇದೊಂದನ್ನ ಮನಸಿನ್ಯಾಗ ಓದಕೋಬ್ಯಾಡ, ಬಾಗಲ ಕಡೆ ಮಾರಿ ಮಾಡಿ ಗಟ್ಟ್ಯಾಗಿ ಓದು: ರೇಣುಕಾ, ಆ ಹೊಲದಾಗಿನ ಹಕ್ಕರಕಿ ಮುಟ್ಟಬ್ಯಾಡ. ತಿಂದಿದ್ರ ಈಗ ಹೇಳು, ಯಾರೂ ಬೈಯೂದಿಲ್ಲ.