ಅವರು ತುಂಬಿದ ಗಾಳಿ

ಏಪ್ರಿಲ್ ೧೭, ಗುರುವಾರ

ಇವತ್ತಿಡೀ ಆ ದೋಣಿಯದೇ ಚಿಂತೆ. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅವರು ಕಾಲುಪಂಪಿನಲ್ಲಿ ಗಾಳಿ ತುಂಬಿ, ಭಾನುವಾರ ಕೆರೆಗೆ ಹೋಗೋಣ ಎಂದು ಶೆಡ್ಡಿನಲ್ಲಿಟ್ಟಿದ್ದ ರಬ್ಬರ್ ದೋಣಿ. ಅವರು ಮನೆಗೆ ಬರಲೇ ಇಲ್ಲ.

ಶೆಡ್ಡು ಗುಡಿಸಲೆಂದು ಮೈದುನ ಅದನ್ನು ಅಂಗಳಕ್ಕೆ ಎಳೆದಿದ್ದ. ಮಧ್ಯಾಹ್ನದ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ, ದೋಣಿ ತಮಟೆಯಂತೆ ಬಿಗಿದುಕೊಂಡಿತ್ತು.

“ಅತ್ತಿಗೆ, ಸ್ವಲ್ಪ ಗಾಳಿ ಬಿಡ್ಬೇಕು. ಇಲ್ದಿದ್ರೆ ಅಂಟು ಬಿಟ್ಕೊಳ್ಳುತ್ತೆ,” ಅಂದ.

“ನೆರಳಿಗೆ ಎಳಿ, ಸಾಕು.”

“ಈ ಸೆಖೆಗೆ ಅಷ್ಟು ಸಾಕಾಗಲ್ಲ. ಅಣ್ಣ ಇದ್ದಿದ್ರೂ ಬಿಡ್ತಿದ್ದ.”

ಹೌದು, ಬಿಡುತ್ತಿದ್ದರು. ಬಿಸಿಲಲ್ಲಿ ಬಿಡುವುದು, ತಣ್ಣೀರಿಗೆ ಇಳಿಸಿದ ಮೇಲೆ ಮತ್ತೆ ತುಂಬುವುದು. ಹೆಬ್ಬೆರಳಲ್ಲಿ ಒತ್ತಿ ನೋಡಿ, “ನಿಮ್ಮಪ್ಪನ ಮುಖದ ಹಾಗೆ ಬಿಗ್ಕೊಂಡಿದೆ ನೋಡು” ಎಂದು ನನ್ನನ್ನು ರೇಗಿಸುತ್ತಿದ್ದರು.

ಮೈದುನನನ್ನು ಒಳಗೆ ಕಳಿಸಿ ನಾನೇ ವಾಲ್ವ್ ತಿರುಗಿಸಿದೆ. ಗಾಳಿ ಬುಸ್ಸೆಂದು ಬಂತು. ಹುಚ್ಚು ಎಂದು ಗೊತ್ತಿದ್ದೂ ಮುಖವೊಡ್ಡಿ ಕೂತೆ. ಅವರು ತುಂಬಿದ ಗಾಳಿಯಲ್ಲವೇ. ಬಿಸಿ ರಬ್ಬರಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಆದರೂ ಮುಚ್ಚಲು ತಡಮಾಡಿದೆ.

ಸಂಜೆ ತಂಪಾಗುತ್ತಿದ್ದಂತೆ ದೋಣಿ ಮೆತ್ತಗಾಗಿ ಮಡಿಕೆ ಬಿತ್ತು. ತುಂಬಿಸೋಣವೆಂದು ಪಂಪಿನ ಮೇಲೆ ಕಾಲಿಟ್ಟೆ. ಒಂದು ಸಲ ಒತ್ತಿದರೂ ಒಳಗೆ ಉಳಿದಿರುವುದರ ಜೊತೆ ನಾನು ತುಂಬಿದ್ದು ಬೆರೆತುಹೋಗುತ್ತದೆ. ಮತ್ತೆ ಅವರದು ಯಾವುದು ಎಂದು ಹೇಳುವ ಹಾಗಿಲ್ಲ. ಕಾಲು ತೆಗೆದುಬಿಟ್ಟೆ.

ನಾಳೆ ಮೈದುನ ಕೇಳಿದರೆ ಪಂಪು ಕೆಟ್ಟಿದೆ ಎನ್ನಬೇಕು. ಅವನು ನಂಬುವುದಿಲ್ಲ. ನಂಬದಿದ್ದರೂ ಸುಮ್ಮನಿದ್ದಾನು, ಅವನೂ ಅಣ್ಣನನ್ನು ಕಳೆದುಕೊಂಡವನೇ ತಾನೆ...